ಕಷ್ಟದ ಮಾತು ಆಡಲು ಡಾಕ್ಟರಿಗೆ ಕಲಿಸುವುದು ಹೇಗೆ?

ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಒಂದು ಸುತ್ತೋಲೆ ಹೊರಡಿಸಿತು. ಚೇತರಿಸಿಕೊಳ್ಳುವ ಭರವಸೆಯೇ ಉಳಿಯದ ರೋಗಿಗೆ ಜೀವ ಹಿಡಿದಿಡುವ ಚಿಕಿತ್ಸೆಯನ್ನು ಮುಂದುವರಿಸಬೇಕೇ, ನಿಲ್ಲಿಸಬೇಕೇ ಎಂಬುದನ್ನು ಆಸ್ಪತ್ರೆಗಳು ಯಾವ ಕ್ರಮದಲ್ಲಿ ತೀರ್ಮಾನಿಸಬೇಕು ಎನ್ನುವುದು ಅದರ ಸಾರ. ‘ಘನತೆಯಿಂದ ಸಾಯುವ ಹಕ್ಕು’ ಎಂದು ಸುದ್ದಿಯೂ ಆಯಿತು. ಆ ಕ್ರಮದಲ್ಲಿ ವೈದ್ಯರ ಮಂಡಳಿ ಉಂಟು, ಸಾಕ್ಷಿ ಉಂಟು, ಸಹಿ ಉಂಟು. ಆದರೆ ಇದಕ್ಕೆಲ್ಲ ಮೊದಲು ಯಾರೋ ಒಬ್ಬ ಡಾಕ್ಟರು ರೋಗಿಯ ಹತ್ತಿರ ಕುರ್ಚಿ ಎಳೆದುಕೊಂಡು ಕುಳಿತು ಮಾತು ತೆಗೆಯಬೇಕು. ಆ ಮಾತು ಆಡುವುದು ಹೇಗೆಂದು ಅವರಿಗೆ ಹೇಳಿಕೊಟ್ಟವರು ಯಾರು?

ಕಂಕನಾಡಿ, ದೇರಳಕಟ್ಟೆ, ಮುಕ್ಕ, ಸುಳ್ಯ, ಮಣಿಪಾಲ ಹೀಗೆ ಹೋದಲ್ಲೆಲ್ಲ ವೈದ್ಯಕೀಯ ಕಾಲೇಜು ಇರುವ ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳಿಗೆ ಈ ಪ್ರಶ್ನೆ ತೀರಾ ಹತ್ತಿರದ್ದು. ಇಲ್ಲಿ ಡಾಕ್ಟರಿಗೆ ಬರವಿಲ್ಲ. ಕಾಸರಗೋಡಿನಿಂದ, ಶಿವಮೊಗ್ಗದಿಂದ, ಚಿಕ್ಕಮಗಳೂರಿನಿಂದ ಗಾಡಿ ಮಾಡಿಕೊಂಡು ಇಲ್ಲಿಗೇ ಬರುತ್ತಾರೆ. ಹಾಗೆ ಬಂದವರಲ್ಲಿ ಅನೇಕರಿಗೆ ಐಸಿಯು ಬಾಗಿಲಲ್ಲಿ ಸಿಗುವುದು ಮಾತ್ರ ನಿಂತುಕೊಂಡೇ ಆಡಿದ ಎರಡು ನಿಮಿಷದ ಮಾತು.

ಮೊದಲು ಕೆಲವು ಶಬ್ದಗಳು

ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ‘ಕಾಮನ್ ಕಾಸ್’ ಪ್ರಕರಣದಲ್ಲಿ ಕೊಟ್ಟ ತೀರ್ಪೇ ಇದಕ್ಕೆಲ್ಲ ಬುಡ. ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಎಂದು ಅದು ಹೇಳಿತು. ಆಗ ಹಾಕಿದ ಷರತ್ತುಗಳು ಆಚರಣೆಗೆ ಬರುವಂತಿರಲಿಲ್ಲ. 2023ರ ಜನವರಿಯಲ್ಲಿ ಕೋರ್ಟೇ ಅವನ್ನು ಸಡಿಲಿಸಿತು.

ಮುಂಗಡ ವೈದ್ಯಕೀಯ ನಿರ್ದೇಶನ ಅಥವಾ ಲಿವಿಂಗ್ ವಿಲ್ ಎಂದರೆ, ಮುಂದೆ ತನಗೆ ಮಾತಾಡಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ತೀರ್ಮಾನಿಸಬೇಕು ಎಂದು ಬುದ್ಧಿ ನೆಟ್ಟಗಿರುವಾಗಲೇ ಬರೆದಿಡುವ ಪತ್ರ. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಆ ಸ್ಥಿತಿ ಬಂದಾಗ ಆಸ್ಪತ್ರೆಯ ಪ್ರಾಥಮಿಕ ಮಂಡಳಿ, ಅಂದರೆ ಚಿಕಿತ್ಸೆ ಕೊಡುತ್ತಿರುವ ವೈದ್ಯರು ಮತ್ತು ಕನಿಷ್ಠ ಐದು ವರ್ಷ ಅನುಭವದ ಇಬ್ಬರು ತಜ್ಞರು, ಮೊದಲು ಅಭಿಪ್ರಾಯ ಕೊಡುತ್ತಾರೆ. ಎರಡನೇ ಮಂಡಳಿ ಅದನ್ನು ಮತ್ತೆ ಪರಿಶೀಲಿಸುತ್ತದೆ. ಸಾಧ್ಯವಾದಷ್ಟು ಮಟ್ಟಿಗೆ 48 ಗಂಟೆಯೊಳಗೆ ಮುಗಿಸಬೇಕು. ಇದು ಸೂಜಿ ಕೊಟ್ಟು ಸಾಯಿಸುವುದಲ್ಲ, ಅದು ಭಾರತದಲ್ಲಿ ಇಂದಿಗೂ ಅಪರಾಧ. ಫಲ ಕೊಡದ ಯಂತ್ರವನ್ನು ತೆಗೆದು, ರೋಗವನ್ನು ಅದರ ಪಾಡಿಗೆ ಬಿಡುವುದಷ್ಟೇ.

ಇನ್ನೊಂದು ಉಪಶಾಮಕ ಚಿಕಿತ್ಸೆ, ಪ್ಯಾಲಿಯೇಟಿವ್ ಕೇರ್. ನೋವು, ಉಸಿರಾಟದ ಕಷ್ಟ, ವಾಂತಿ, ನಿದ್ದೆಗೇಡು, ಮನೆಯವರ ಕಂಗಾಲು ಇವನ್ನೆಲ್ಲ ನೋಡಿಕೊಳ್ಳುವ ವೈದ್ಯಶಾಖೆ. ಕೊನೆಯ ನಾಲ್ಕು ದಿನಕ್ಕೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ, ಹಾಗಲ್ಲ. ಕಿಮೋ, ಡಯಾಲಿಸಿಸ್ ನಡೆಯುತ್ತಿರುವಾಗಲೇ ಅದರ ಜೊತೆಜೊತೆಗೆ ಕೊಡುವಂಥದ್ದು. ಮಣಿಪಾಲದ ಕೆಎಂಸಿಯಲ್ಲಿ ಇದಕ್ಕೆಂದೇ ಒಂದು ವಿಭಾಗವಿದೆ.

ಸಹಿ ಬಿತ್ತು, ವಿಷಯ ಮುಟ್ಟಿತೇ?

ಆಪರೇಷನ್ನಿಗೆ ಮೊದಲು ನರ್ಸ್ ಒಂದು ಹಾಳೆ ತಂದು ‘ಇಲ್ಲಿ ಒಂದು, ಇಲ್ಲಿ ಒಂದು’ ಎಂದು ಬೆರಳು ತೋರಿಸುತ್ತಾರೆ. ಮಗ ಸಹಿ ಹಾಕುತ್ತಾನೆ. ಆಸ್ಪತ್ರೆಯ ಲೆಕ್ಕಕ್ಕೆ ಅದು ಒಪ್ಪಿಗೆ. ಕಾನೂನಿನ ಲೆಕ್ಕಕ್ಕೆ ಅಷ್ಟು ಸಾಲದು. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿಯೇ ಹೇಳಿದೆ: ಚಿಕಿತ್ಸೆ ಯಾವ ಬಗೆಯದು, ಯಾಕೆ, ಬೇರೆ ದಾರಿ ಇದೆಯೇ, ದೊಡ್ಡ ಅಪಾಯಗಳೇನು, ಮಾಡಿಸದಿದ್ದರೆ ಏನಾಗುತ್ತದೆ ಎಂದು ತಿಳಿಸಿದ ಮೇಲೆ ಸಿಕ್ಕಿದ್ದೇ ಒಪ್ಪಿಗೆ. ಪ್ರಜ್ಞೆ ತಪ್ಪಿಸಿ ಮಲಗಿಸಿದ್ದ ಮಹಿಳೆಯ ಪರವಾಗಿ ಆಕೆಯ ತಾಯಿ ಕೊಟ್ಟ ಒಪ್ಪಿಗೆಯನ್ನು ಕೋರ್ಟ್ ಅಲ್ಲಿ ಮಾನ್ಯ ಮಾಡಲಿಲ್ಲ. ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿದ್ದರೆ, ಎಚ್ಚರವಾದ ಮೇಲೆ ಅವರನ್ನೇ ಕೇಳಬೇಕಿತ್ತು.

ಹೇಳಿದರೂ ಮುಟ್ಟುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ದೇಹದ ಬೇರೆ ಭಾಗಗಳಿಗೂ ಹರಡಿದ ಕ್ಯಾನ್ಸರಿಗೆ ಕಿಮೋ ತೆಗೆದುಕೊಳ್ಳುತ್ತಿದ್ದ 1,193 ಅಮೆರಿಕನ್ ರೋಗಿಗಳ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಆ ಹಂತದಲ್ಲಿ ಕಿಮೋದಿಂದ ಆಯುಷ್ಯ ಸ್ವಲ್ಪ ಹೆಚ್ಚಬಹುದು, ಹಿಂಸೆ ಕಡಿಮೆಯಾಗಬಹುದು, ಕಾಯಿಲೆ ವಾಸಿಯಾಗುವುದಿಲ್ಲ. ಆದರೆ ಶ್ವಾಸಕೋಶದ ಕ್ಯಾನ್ಸರಿನವರಲ್ಲಿ ಶೇ. 69, ದೊಡ್ಡ ಕರುಳಿನ ಕ್ಯಾನ್ಸರಿನವರಲ್ಲಿ ಶೇ. 81 ಮಂದಿಗೆ ಇದು ಅರ್ಥವಾದಂತೆ ಕಾಣಲಿಲ್ಲ. ಇವರೆಲ್ಲ ಓದುಬರಹ ಇಲ್ಲದವರೇನಲ್ಲ. ಕೆಟ್ಟ ಸುದ್ದಿ ಕಿವಿಗೆ ಬಿದ್ದ ಕೂಡಲೇ ಮನಸ್ಸು ಬಾಗಿಲು ಹಾಕಿಕೊಳ್ಳುತ್ತದೆ. ಆಮೇಲೆ ಹೇಳಿದ ಹತ್ತು ಮಾತಿನಲ್ಲಿ ಒಂಬತ್ತು ಹೊರಗೇ ನಿಲ್ಲುತ್ತವೆ.

ಅಷ್ಟು ಓದಿದವರಿಗೆ ಮಾತು ಯಾಕೆ ಬರುವುದಿಲ್ಲ?

ಯಾರೂ ಕಲಿಸಿರಲಿಲ್ಲ, ಅದಕ್ಕೆ. ಎಂಬಿಬಿಎಸ್‌ನಲ್ಲಿ ಅಂಗರಚನೆಗೆ, ಔಷಧಶಾಸ್ತ್ರಕ್ಕೆ, ಶಸ್ತ್ರಚಿಕಿತ್ಸೆಗೆ ತಿಂಗಳುಗಟ್ಟಲೆ ಪಾಠ. ‘ನಿಮ್ಮ ತಂದೆ ಉಳಿಯುವುದು ಕಷ್ಟ’ ಎಂದು ಹೇಳುವುದನ್ನು ಮಾತ್ರ ಹಿರಿಯರ ಹಿಂದೆ ನಿಂತು ನೋಡಿ ಕಲಿಯಬೇಕಿತ್ತು. ಹಿರಿಯರು ಚೆನ್ನಾಗಿ ಆಡುವವರಾದರೆ ಕಿರಿಯರ ಪುಣ್ಯ, ಸಿಡುಕುವವರಾದರೆ ಅದೇ ಮುಂದಿನ ತಲೆಮಾರಿಗೂ ದಾಟುತ್ತದೆ. 2019ರಲ್ಲಿ ಸೇರಿದ ವಿದ್ಯಾರ್ಥಿಗಳಿಂದ ದೇಶದಾದ್ಯಂತ ಪಠ್ಯಕ್ರಮ ಬದಲಾಯಿತು. ನಡವಳಿಕೆ, ನೀತಿ, ಸಂವಹನ ಎಂಬ ಪಾಠಸರಣಿ ಕಡ್ಡಾಯವಾಯಿತು, ಅದನ್ನು ‘ಏಟ್ಕಾಮ್’ ಎಂದು ಕರೆಯುತ್ತಾರೆ. ಅಂದರೆ ಇವತ್ತು ನಲವತ್ತು ದಾಟಿದ, ದೊಡ್ಡ ತೀರ್ಮಾನಗಳನ್ನು ಮಾಡುವ ಕನ್ಸಲ್ಟೆಂಟ್‌ಗಳ ಕಾಲದಲ್ಲಿ ಈ ಪಾಠ ಇರಲೇ ಇಲ್ಲ.

ಕಲಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಎರಡು ಲೆಕ್ಕಗಳಿವೆ. 1984ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು 74 ಭೇಟಿಗಳ ಧ್ವನಿಮುದ್ರಣ ಕೇಳಿದರು. ರೋಗಿ ತನ್ನ ಕಷ್ಟ ಹೇಳಲು ಶುರು ಮಾಡಿ ಸರಾಸರಿ 18 ಸೆಕೆಂಡ್ ಆಗುವಷ್ಟರಲ್ಲಿ ಡಾಕ್ಟರು ಮಧ್ಯೆ ಬಾಯಿ ಹಾಕುತ್ತಿದ್ದರು. 1995ರಲ್ಲಿ ಪ್ರಕಟವಾದ ‘ಸಪೋರ್ಟ್’ ಎಂಬ ದೊಡ್ಡ ಅಧ್ಯಯನದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಗಂಭೀರ ರೋಗಿಗಳಿದ್ದರು. ಹೃದಯ ನಿಂತರೆ ಎದೆ ಒತ್ತಿ ಮತ್ತೆ ಎಬ್ಬಿಸುವುದು ಬೇಡ ಎಂದು ಬಯಸಿದವರ ಪೈಕಿ ಅರ್ಧಕ್ಕಿಂತ ಹೆಚ್ಚಿನವರ ಆ ಇಚ್ಛೆ ಅವರದೇ ವೈದ್ಯರಿಗೆ ಗೊತ್ತಿರಲಿಲ್ಲ. (ಆ ಎದೆ ಒತ್ತುವಿಕೆ, ಅಂದರೆ ಸಿಪಿಆರ್, ಸಿನಿಮಾದಲ್ಲಿ ಫಲಿಸುವಷ್ಟು ಆಸ್ಪತ್ರೆಯಲ್ಲಿ ಫಲಿಸುವುದಿಲ್ಲ. ಅಮೆರಿಕದ ಆಸ್ಪತ್ರೆಗಳಲ್ಲೇ ಒಳಗಿದ್ದಾಗ ಹೃದಯ ನಿಂತ ದೊಡ್ಡವರಲ್ಲಿ ಬದುಕಿ ಮನೆಗೆ ಹೋಗುವವರು ಸುಮಾರು ನಾಲ್ಕರಲ್ಲಿ ಒಬ್ಬರು.)

ಒಳ್ಳೆಯ ಮನಸ್ಸಿದ್ದರೆ ಒಳ್ಳೆಯ ಮಾತು ತಾನಾಗಿ ಬರುತ್ತದೆ ಎಂಬ ನಂಬಿಕೆಯೇ ಇಲ್ಲಿ ದೊಡ್ಡ ಅಡ್ಡಿ. ಪಾಪದ ಮನುಷ್ಯರಾದ ಡಾಕ್ಟರುಗಳೇ ಎಷ್ಟೋ ಸಲ ಹೇಳಬೇಕಾದ್ದನ್ನು ಹೇಳದೆ, ಸೋಡಿಯಂ ಸ್ವಲ್ಪ ಸುಧಾರಿಸಿದೆ ಎಂದು ಹೇಳಿ ಹೊರಟುಬಿಡುತ್ತಾರೆ.

ತರಗತಿಯೊಳಗೆ

ಲಾಸ್ ಏಂಜಲೀಸ್‌ನಲ್ಲಿ ಹೊವಾರ್ಡ್ ಬ್ಯಾರೋಸ್ ಎಂಬ ನರರೋಗ ತಜ್ಞರು 1963ರಲ್ಲಿ ಹೊಸದೊಂದನ್ನು ಪ್ರಯತ್ನಿಸಿದರು. ಆರೋಗ್ಯವಂತ ಮಹಿಳೆಯೊಬ್ಬರಿಗೆ ಕಾಲಿನ ಸ್ವಾಧೀನ ತಪ್ಪಿದ ರೋಗಿಯ ಪಾತ್ರ ಕಲಿಸಿ ವಿದ್ಯಾರ್ಥಿಗಳ ಮುಂದೆ ಕೂರಿಸಿದರು. ಮೊದಮೊದಲು ನಕ್ಕವರೇ ಹೆಚ್ಚು. ಈಗ ಪ್ರಪಂಚದ ವೈದ್ಯಕೀಯ ಕಾಲೇಜುಗಳಲ್ಲಿ ಇಂಥ ‘ತರಬೇತಾದ ರೋಗಿ’ ಸಾಮಾನ್ಯ. ನಿಜವಾದ ರೋಗಿಯ ಮುಂದೆ ತಪ್ಪುವ ಬದಲು ಪಾತ್ರಧಾರಿಯ ಮುಂದೆ ತಪ್ಪಲಿ, ಅಷ್ಟೇ ತರ್ಕ.

ಪಾತ್ರ ಎಂದ ಕೂಡಲೇ ಬಾಯಿಪಾಠದ ಸಂಭಾಷಣೆ ಎಂದುಕೊಳ್ಳಬೇಡಿ. ನಮ್ಮ ಕಡೆಯವರಿಗೆ ಇದು ತಾಳಮದ್ದಲೆಯಿಂದ ಬೇಗ ತಿಳಿಯುತ್ತದೆ. ಪ್ರಸಂಗ ಮೊದಲೇ ಗೊತ್ತು, ಭಾಗವತರ ಪದ ಗೊತ್ತು. ಆದರೆ ಅರ್ಥಧಾರಿ ಏನು ಹೇಳಬೇಕೆಂಬುದು ಎದುರಿನ ಅರ್ಥಧಾರಿ ಏನು ಹೇಳಿದ ಎನ್ನುವುದರ ಮೇಲೆ ನಿಂತಿದೆ. ಎದುರಿನವರ ಮಾತು ಕಿವಿಗೆ ಹಾಕಿಕೊಳ್ಳದೆ ತಾನು ತಯಾರಿಸಿ ತಂದದ್ದನ್ನೇ ಒಪ್ಪಿಸುವವನ ಅರ್ಥ ಎಷ್ಟು ಪಾಂಡಿತ್ಯದ್ದಾದರೂ ಸೋತಂತೆ.

ಡಾಕ್ಟರ ತರಬೇತಿಯ ಪ್ರಸಂಗಪಟ್ಟಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ‘ಸ್ಪೈಕ್ಸ್’. 2000ದಲ್ಲಿ ಕ್ಯಾನ್ಸರ್ ಆಸ್ಪತ್ರೆಗಳ ವೈದ್ಯರು ಅದನ್ನು ಪ್ರಕಟಿಸಿದರು. ಆರು ಹೆಜ್ಜೆ. ಕುಳಿತು ಮಾತಾಡಲು ಜಾಗ ಮಾಡಿಕೊಳ್ಳುವುದು, ರೋಗಿಗೆ ಈಗಾಗಲೇ ಏನು ಗೊತ್ತೆಂದು ಕೇಳುವುದು, ಎಷ್ಟು ತಿಳಿಯಬಯಸುತ್ತಾರೆಂದು ಕೇಳುವುದು, ಆಮೇಲೆ ವಿಷಯ ಹೇಳುವುದು, ಅವರ ದುಃಖಕ್ಕೆ ಜಾಗ ಕೊಡುವುದು, ಕೊನೆಗೆ ಮುಂದಿನ ದಾರಿ. ಗಮನಿಸಿ: ಹೇಳುವುದು ನಾಲ್ಕನೆಯದು. ಬಹುತೇಕ ಡಾಕ್ಟರು ಅಲ್ಲಿಂದಲೇ ಶುರು ಮಾಡುತ್ತಾರೆ.

ಕಾಗದದಲ್ಲಿ ಸುಲಭ. ಕುರ್ಚಿಯಲ್ಲಿ ಹೇಗಿರುತ್ತದೆ ನೋಡೋಣ. ತರಗತಿಯಲ್ಲಿ ಐದಾರು ಮಂದಿ ಕಿರಿಯ ವೈದ್ಯರು, ಒಬ್ಬ ಮಾರ್ಗದರ್ಶಕರು. ಪಾತ್ರಧಾರಿಯ ಕೈಯಲ್ಲಿ ಒಂದು ಕಾರ್ಡು, ಉದಾಹರಣೆಗೆ ಹೀಗೆ: ಮಲ್ಪೆಯ 72ರ ಮಾಜಿ ತಾಂಡೇಲ (ಮೀನುಗಾರಿಕೆ ಬೋಟು ನಡೆಸುವವರು), ಹೃದಯ ದುರ್ಬಲ, ಈಗ ಕಿಡ್ನಿಯೂ ಕೈಕೊಡುತ್ತಿದೆ, ಆರು ತಿಂಗಳಲ್ಲಿ ಮೂರನೇ ಅಡ್ಮಿಷನ್. ಹೆಂಡತಿ ಪಕ್ಕದಲ್ಲಿದ್ದಾರೆ. (ಪಾತ್ರವೂ ಸಂಭಾಷಣೆಯೂ ಇಲ್ಲಿ ವಿವರಣೆಗೆಂದು ಕಟ್ಟಿಕೊಂಡವು.)

ಮೊದಲ ಸಲ ಡಾಕ್ಟರು ಹೇಳುತ್ತಾರೆ: “ಅಜ್ಜ, ನಿಮ್ಮ ಹಾರ್ಟ್ ಪಂಪಿಂಗ್ ಇಪ್ಪತ್ತು ಪರ್ಸೆಂಟಿಗೆ ಇಳಿದಿದೆ, ಕ್ರಿಯಾಟಿನಿನ್ ಆರು ದಾಟಿದೆ. ಡಯಾಲಿಸಿಸ್ ಬೇಕಾಗ್ತದೆ. ಮಾಡುವ ಅಲ್ವಾ?”

“ಎಂತ ಮಾಡುದು ಡಾಕ್ಟ್ರೇ, ನೀವು ಹೇಳಿದ ಹಾಗೆ.”

ಮಾರ್ಗದರ್ಶಕರು ನಿಲ್ಲಿಸುತ್ತಾರೆ. ಬಯ್ಯುವುದಿಲ್ಲ. “ಅಜ್ಜನಿಗೆ ಎಂತ ಅರ್ಥ ಆಯ್ತು ಅಂತ ನಿಮಗೆ ಗೊತ್ತುಂಟಾ?” ಎಂದಷ್ಟೇ ಕೇಳುತ್ತಾರೆ. ಗೊತ್ತಿಲ್ಲ. ಸರಿ, ಅಲ್ಲಿಂದಲೇ ಇನ್ನೊಮ್ಮೆ.

“ಅಜ್ಜ, ನಿಮ್ಮ ಕಾಯಿಲೆ ಬಗ್ಗೆ ಇಷ್ಟರವರೆಗೆ ನಿಮಗೆ ಎಂತ ಹೇಳಿದ್ದಾರೆ?”

“ನೀರು ತುಂಬಿದೆ ಅಂತ. ಇಂಜೆಕ್ಷನ್ ಕೊಟ್ರೆ ಇಳೀತದೆ, ಮನೆಗೆ ಹೋಗ್ಬಹುದು ಅಂತ.”

ಒಂದೇ ಪ್ರಶ್ನೆಗೆ ಎಲ್ಲ ಹೊರಬಿತ್ತು. ಅಜ್ಜ ಇನ್ನೂ ಎಲ್ಲಿದ್ದಾರೆ, ಡಾಕ್ಟರು ಎಲ್ಲಿಂದ ಮಾತು ಶುರು ಮಾಡಿದ್ದರು! ಈಗ ಡಾಕ್ಟರು ಮೊದಲೇ ಸೂಚನೆ ಕೊಡುತ್ತಾರೆ: “ನಾನು ಹೇಳುವ ವಿಷಯ ಸ್ವಲ್ಪ ಕಷ್ಟದ್ದು.” ಆಮೇಲೆ ಸಂಖ್ಯೆ ಇಲ್ಲದ ಮೂರು ವಾಕ್ಯ: “ಹೃದಯ ತುಂಬ ಸೋತಿದೆ. ಅದರೊಟ್ಟಿಗೆ ಕಿಡ್ನಿಯೂ ಸೋಲ್ತಾ ಉಂಟು. ಇನ್ನು ಮೊದಲಿನ ಹಾಗೆ ಆಗ್ಲಿಕ್ಕಿಲ್ಲ ಅಂತ ನನಗೆ ಕಾಣ್ತದೆ.”

ಇದಾದ ಮೇಲೆ ಬಾಯಿ ಮುಚ್ಚಿ ಕೂರಬೇಕು. ತರಬೇತಿಯಲ್ಲಿ ಎಲ್ಲರೂ ಎಡವುವ ಜಾಗ ಇದೇ. ಆರೇಳು ಸೆಕೆಂಡಿನ ಮೌನವನ್ನು ತಡೆಯಲಾಗದೆ ‘ಆದರೆ ಹೊಸ ಔಷಧ ಇದೆ’ ಎಂದು ಏನಾದರೂ ತುಂಬಿಸಿಬಿಡುತ್ತಾರೆ.

ಅಜ್ಜಿ ಕೇಳುತ್ತಾರೆ: “ಬೆಂಗಳೂರಿಗೆ ಕೊಂಡೋದ್ರೆ ಸರಿಯಾಗ್ತದಾ?” ಕೇಳಲು ಮಾಹಿತಿಯ ಪ್ರಶ್ನೆ. ಬೆಂಗಳೂರಿನಲ್ಲಿರುವ ಸೌಲಭ್ಯಗಳ ಪಟ್ಟಿ ಕೊಟ್ಟರೆ ಮಾತು ಕೆಟ್ಟಿತು. ಅದು ಭಯ. “ಇದನ್ನು ಕೇಳ್ಲಿಕ್ಕೇ ಕಷ್ಟ ಆಗ್ತದೆ ಅಮ್ಮ. ಎಂತಾದ್ರೂ ದಾರಿ ಉಂಟಾ ಅಂತ ಹುಡುಕ್ತಾ ಇದ್ದೀರಿ, ಅಲ್ವಾ?” ಎಂದರೆ ಅಜ್ಜಿ ಅಳಬಹುದು. ಅತ್ತ ಮೇಲೆ ಮುಂದಿನ ಮಾತು ಕಿವಿಗೆ ಬೀಳುತ್ತದೆ. ಬೆಂಗಳೂರಿನ ಉತ್ತರ ಆಮೇಲೆ ಕೊಟ್ಟರೂ ಆಗುತ್ತದೆ, ಕೊಡಲೇಬೇಕು ಕೂಡ.

ಕೊನೆಗೆ ಬರುವುದು ಚಿಕಿತ್ಸೆಯ ಪ್ರಶ್ನೆಯೇ ಅಲ್ಲ: “ಮುಂದಿನ ದಿನಗಳಲ್ಲಿ ನಿಮಗೆ ಯಾವುದು ಮುಖ್ಯ ಅಜ್ಜ?” ಕಾರ್ಡಿನಲ್ಲಿ ಬಚ್ಚಿಟ್ಟ ಉತ್ತರ ಆಗ ಹೊರಬರುತ್ತದೆ: ಆಗಸ್ಟಿನಲ್ಲಿ ಬೋಟುಗಳು ಮತ್ತೆ ಕಡಲಿಗಿಳಿಯುವಾಗ ಬಂದರಿನಲ್ಲಿ ಇರಬೇಕು, ಆಸ್ಪತ್ರೆಯಲ್ಲಿ ಸಾಯಬಾರದು. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್ ಎಂಬುದನ್ನು ಈಗ ಇದರ ಪಕ್ಕದಲ್ಲಿಟ್ಟು ತೂಗಬಹುದು. ಡಾಕ್ಟರು ತಮ್ಮ ಸಲಹೆ ಹೇಳಬಾರದೆಂದಲ್ಲ. ಹೇಳಬೇಕು. ‘ಎಲ್ಲ ನಿಮಗೆ ಬಿಟ್ಟದ್ದು’ ಎಂದು ಕೈತೊಳೆದುಕೊಳ್ಳುವುದು ಮರ್ಯಾದೆ ಕೊಟ್ಟಂತೆ ಕಂಡರೂ ರೋಗಿಯನ್ನು ನಡುನೀರಿನಲ್ಲಿ ಬಿಟ್ಟಂತೆಯೇ. ಸಲಹೆ ಅಜ್ಜನ ಉತ್ತರದಿಂದ ಹುಟ್ಟಿರಬೇಕು, ಅಷ್ಟೆ.

ಐಸಿಯುವಿನಲ್ಲಿ ಇನ್ನೆರಡು ಉಪಾಯ

ಅಮೆರಿಕದ ವಿಸ್ಕಾನ್ಸಿನ್‌ನ ಶಸ್ತ್ರವೈದ್ಯರು ರೂಪಿಸಿದ ಒಂದು ಕ್ರಮದಲ್ಲಿ, ಡಾಕ್ಟರು ಒಂದು ಕಾಗದದ ಮೇಲೆ ಪ್ರತಿಯೊಂದು ದಾರಿಗೂ ಒಂದು ಗೆರೆ ಎಳೆಯುತ್ತಾರೆ. ಗೆರೆಯ ಮೇಲ್ತುದಿ ಎಲ್ಲ ಸರಿಹೋದರೆ ಏನಾಗಬಹುದು ಎಂಬುದು, ಕೆಳತುದಿ ಎಲ್ಲ ಕೈಕೊಟ್ಟರೆ ಏನಾಗಬಹುದು ಎಂಬುದು. ನಡುವೆ ಎಲ್ಲಿ ನಿಲ್ಲುವ ಸಂಭವ ಹೆಚ್ಚೋ ಅಲ್ಲೊಂದು ಗುರುತು. ‘ಶೇ. 30 ಅಪಾಯ’ ಎಂಬುದಕ್ಕಿಂತ ‘ಎಲ್ಲ ಸರಿಹೋದರೂ ಎರಡು ತಿಂಗಳು ಆಸ್ಪತ್ರೆ, ಆಮೇಲೆ ಸ್ನಾನಕ್ಕೂ ಒಬ್ಬರು ಬೇಕು’ ಎಂಬುದು ಮನೆಯವರಿಗೆ ಬೇಗ ತಲೆಗೆ ಹೋಗುತ್ತದೆ.

ಇನ್ನೊಂದು, ಗಡುವಿಟ್ಟು ನೋಡುವುದು. ವೆಂಟಿಲೇಟರ್ ಹಾಕಿದರೆ ತೆಗೆಯಲಾಗದು ಎಂಬ ಹೆದರಿಕೆಯಿಂದ ಬೇಡವೆನ್ನುವವರೂ ಇದ್ದಾರೆ, ಹಾಕಿದ ಮೇಲೆ ತೆಗೆಯುವ ಮಾತೆತ್ತಲು ಯಾರಿಗೂ ಧೈರ್ಯವಿಲ್ಲದ ಮನೆಗಳೂ ಇವೆ. ಮೂರು ದಿನವೋ ಐದು ದಿನವೋ ಹಾಕುವ, ಇಂತಿಂಥದ್ದು ಸುಧಾರಿಸಿದರೆ ಮುಂದುವರಿಸುವ, ಇಲ್ಲದಿದ್ದರೆ ಕುಳಿತು ಮಾತಾಡುವ ಎಂದು ಮೊದಲೇ ಒಪ್ಪಿಕೊಂಡರೆ ಎರಡೂ ಕಡೆಯವರಿಗೆ ಉಸಿರಾಡಲು ಜಾಗ ಸಿಗುತ್ತದೆ.

ನಮ್ಮೂರಿನ ಗಂಟುಗಳು

ಒಂದೇ ವಾರ್ಡಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ, ಮಲಯಾಳಂ. ಡಾಕ್ಟರು ದೆಹಲಿಯ ಹುಡುಗಿಯೋ ಕೋಲ್ಕತ್ತದ ಹುಡುಗನೋ. ಎಂಬಿಬಿಎಸ್ ಆರಂಭದಲ್ಲೇ ಸ್ಥಳೀಯ ಭಾಷೆಯ ಪರಿಚಯ ಕೊಡುತ್ತಾರೆ. ಅದು ‘ನೋವು ಎಲ್ಲಿ’ ಎಂದು ಕೇಳುವಷ್ಟಕ್ಕೆ ಸಾಕು, ಇಂಥ ಮಾತಿಗೆ ಸಾಲದು. ಆಗ ಸೊಸೆಯೋ ಅಳಿಯನೋ ದುಭಾಷಿಯಾಗುತ್ತಾರೆ. ಡಾಕ್ಟರು ಐದು ವಾಕ್ಯ ಹೇಳಿದರೆ ಅವರು ‘ಸ್ವಲ್ಪ ವೀಕ್ ಇದ್ದೀರಂತೆ’ ಎಂದು ಒಂದರಲ್ಲಿ ಮುಗಿಸುತ್ತಾರೆ. ಅದು ಮೋಸವಲ್ಲ, ಅಕ್ಕರೆ. ಆದರೂ ವಿಷಯ ದಾಟುವುದಿಲ್ಲ. ಮನೆಯವರಲ್ಲದ ನರ್ಸ್ ಅಥವಾ ಸಮಾಜಕಾರ್ಯಕರ್ತರು ಅನುವಾದಿಸಿದರೆ ಒಳ್ಳೆಯದು ಎಂದು ತರಬೇತಿಯಲ್ಲಿ ಹೇಳುವುದು ಅದಕ್ಕೇ.

‘ಅವರಿಗೆ ಹೇಳ್ಬೇಡಿ ಡಾಕ್ಟ್ರೇ, ಎದೆ ಒಡ್ಕೊಳ್ತಾರೆ’ ಎಂಬ ಮಾತು ಇನ್ನೊಂದು. ಆಗಲಿ ಎಂದು ಒಪ್ಪಿದರೆ ರೋಗಿಯ ಹಕ್ಕು ಹೋಯಿತು, ಆಗದು ಎಂದರೆ ಮನೆಯವರ ವಿಶ್ವಾಸ ಹೋಯಿತು. ಕಲಿತವರು ಮೊದಲು ‘ಹೇಳಿದರೆ ಏನಾಗಬಹುದು ಅಂತ ನಿಮ್ಮ ಹೆದರಿಕೆ?’ ಎಂದು ಮನೆಯವರನ್ನು ಕೇಳುತ್ತಾರೆ. ಆಮೇಲೆ ಅವರೆದುರೇ ರೋಗಿಯನ್ನು ಕೇಳುತ್ತಾರೆ: ‘ರಿಪೋರ್ಟಿನ ವಿಷಯ ನಿಮಗೇ ಹೇಳಬೇಕಾ, ಮಗನಿಗೆ ಹೇಳಿದರೆ ಸಾಕಾ?’ ಮಗನಿಗೇ ಹೇಳಿ ಎಂದರೆ ಅದೂ ರೋಗಿಯದೇ ತೀರ್ಮಾನ. ಎಷ್ಟೋ ಸಲ ರೋಗಿಗೆ ಮೊದಲೇ ಗೊತ್ತಿರುತ್ತದೆ, ಅವರೂ ಮನೆಯವರಿಂದ ಮುಚ್ಚಿಟ್ಟಿರುತ್ತಾರೆ.

ಇನ್ನು ದುಬೈಯ ಮಗ. ವರ್ಷಕ್ಕೊಮ್ಮೆ ಬರುವವನು, ಬಜಪೆಯಲ್ಲಿ ಇಳಿದು ನೇರ ಐಸಿಯುಗೆ ಬಂದು ‘ಎಷ್ಟು ಖರ್ಚಾದ್ರೂ ಪರ್ವಾಗಿಲ್ಲ, ಎಲ್ಲ ಮಾಡಿ’ ಎನ್ನುತ್ತಾನೆ. ಜೊತೆಗಿದ್ದು ನೋಡಿಕೊಂಡ ತಂಗಿ ಒಂದು ವಾರ ಮಾತಾಡಿ ಬಂದ ತೀರ್ಮಾನ ಅಲ್ಲಿಗೆ ತಲೆಕೆಳಗು. ಅಮೆರಿಕದ ವೈದ್ಯರು ಇಂಥ ನೆಂಟರಿಗೆ ‘ಕ್ಯಾಲಿಫೋರ್ನಿಯಾದ ಮಗಳು’ ಎಂದು ಹೆಸರಿಟ್ಟಿದ್ದಾರೆ, ಹಾಗಾಗಿ ಇದು ನಮ್ಮೂರಿನ ಕಾಯಿಲೆ ಮಾತ್ರ ಅಲ್ಲ. ದೂರ ಇದ್ದವನ ಅಪರಾಧಭಾವ ಸಿಟ್ಟಾಗಿ ಬರುತ್ತದೆ ಎಂದು ಗುರುತಿಸುವುದೇ ಪಾಠ. ಮೊದಲ ದಿನದಿಂದಲೇ ಅವನನ್ನು ವಿಡಿಯೊ ಕಾಲಿನಲ್ಲಿ ಸೇರಿಸಿಕೊಳ್ಳುವುದು ಉಪಾಯ.

ಇದರಿಂದ ಫಲ ಉಂಟೇ?

ಉಂಟು, ಆದರೆ ಕೈತಟ್ಟಿ ಹೇಳುವಷ್ಟು ಸರಳವಾಗಿಲ್ಲ. ಬ್ರಿಟನ್ನಿನ 160 ಕ್ಯಾನ್ಸರ್ ತಜ್ಞರ ಮೇಲೆ ನಡೆದ, 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೂರು ದಿನದ ತರಬೇತಿ ಪಡೆದವರ ಮಾತಿನ ರೀತಿ ಸುಧಾರಿಸಿತು. ತೆರೆದ ಪ್ರಶ್ನೆ ಹೆಚ್ಚಿತು, ಸಹಾನುಭೂತಿಯ ಮಾತು ಹೆಚ್ಚಿತು. 2013ರ ಅಮೆರಿಕದ ಪ್ರಯೋಗವೊಂದರಲ್ಲಿ ಮಾತ್ರ, ಪಾತ್ರಾಭಿನಯದ ತರಬೇತಿ ಪಡೆದ ಕಿರಿಯ ವೈದ್ಯರ ಮಾತು ಸುಧಾರಿಸಿದೆ ಎಂದು ರೋಗಿಗಳಿಗೆ ಅನಿಸಲೇ ಇಲ್ಲ. ರೋಗಿಗಳ ಖಿನ್ನತೆಯ ಅಂಕ ಸ್ವಲ್ಪ ಏರಿತ್ತು ಕೂಡ. ಕೋಣೆಯಲ್ಲಿ ಕಲಿತದ್ದು ವಾರ್ಡಿಗೆ ಬರಬೇಕಾದರೆ ಹಿರಿಯರು ಪಕ್ಕದಲ್ಲಿ ನಿಂತು ತಿದ್ದಬೇಕು, ಓಪಿಡಿಯಲ್ಲಿ ಸಮಯ ಬೇಕು, ಮಾತಾಡಲು ಬಾಗಿಲಿರುವ ಒಂದು ಕೋಣೆ ಬೇಕು. ಇವೆಲ್ಲ ತರಬೇತಿಯಿಂದ ಬರುವಂಥವಲ್ಲ, ಆಸ್ಪತ್ರೆ ಒದಗಿಸಬೇಕಾದವು.

ಸತ್ಯ ಹೇಳಿದರೆ ರೋಗಿ ಬೇಗ ಕುಸಿಯುತ್ತಾರೆ ಎಂಬ ಹೆದರಿಕೆಗೆ 2010ರ ಬಾಸ್ಟನ್ ಪ್ರಯೋಗ ಒಂದು ಉತ್ತರ. ಹರಡಿದ ಶ್ವಾಸಕೋಶದ ಕ್ಯಾನ್ಸರಿನ 151 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಮೊದಲಿನಿಂದಲೇ ಉಪಶಾಮಕ ತಂಡದ ಭೇಟಿ, ಮಾತುಕತೆ ದೊರೆಯಿತು. ಅವರು ಕೊನೆಗಾಲದಲ್ಲಿ ಕಠಿಣ ಚಿಕಿತ್ಸೆ ಪಡೆದದ್ದು ಕಡಿಮೆ. ಆದರೆ ಬದುಕಿದ್ದು ಹೆಚ್ಚು: ಮಧ್ಯಾಂಕ (ಅರ್ಧದಷ್ಟು ಜನ ದಾಟಿದ ಅವಧಿ) 11.6 ತಿಂಗಳು, ಉಳಿದವರಲ್ಲಿ 8.9.

ನಿಮ್ಮ ಡಾಕ್ಟರು ಕಲಿತಿಲ್ಲದಿದ್ದರೆ

ಮಾತು ನೀವೇ ತೆಗೆಯಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ‘ಡಾಕ್ಟ್ರೇ, ಹತ್ತು ನಿಮಿಷ ಕುಳಿತು ಮಾತಾಡ್ಲಿಕ್ಕೆ ಯಾವಾಗ ಆಗ್ತದೆ?’ ಎಂದು ಮೊದಲೇ ಸಮಯ ಕೇಳಿ. ರೌಂಡ್ಸಿನಲ್ಲಿ ಬೆನ್ನಟ್ಟಿ ಕೇಳಿದರೆ ಸಿಗುವುದು ರೌಂಡ್ಸಿನ ಉತ್ತರವೇ. ಈ ಚಿಕಿತ್ಸೆಯ ಗುರಿ ವಾಸಿ ಮಾಡುವುದೋ ನೋವು ಕಡಿಮೆ ಮಾಡುವುದೋ, ಎಲ್ಲ ಸರಿಹೋದರೆ ಮೂರು ತಿಂಗಳ ನಂತರ ಅಪ್ಪ ಹೇಗಿರುತ್ತಾರೆ, ಮಾಡಿಸದಿದ್ದರೆ ಹೇಗಿರುತ್ತಾರೆ, ಉಪಶಾಮಕ ವಿಭಾಗದವರು ಒಮ್ಮೆ ನೋಡಬಹುದೇ: ಇಷ್ಟು ಕೇಳಿ, ಕೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ, ಸರಿಯೇ ಎಂದು ಕೇಳಿ. ದೂರದ ಮಗ ಫೋನಿನಲ್ಲಿರಲಿ. ರೋಗಿಗೆ ಪ್ರಜ್ಞೆ ಇದ್ದರೆ ಅವರ ಮಂಚದ ಪಕ್ಕದಲ್ಲೇ ಮಾತಾಡಿ, ಕಾರಿಡಾರಿನಲ್ಲಲ್ಲ.

ಮುಂಗಡ ನಿರ್ದೇಶನ ಬರೆಯಲು ಕಾಯಿಲೆ ಬರುವವರೆಗೆ ಕಾಯಬೇಕಿಲ್ಲ. 18 ತುಂಬಿದ, ಮನಸ್ಸು ಸ್ವಸ್ಥವಾಗಿರುವ ಯಾರೂ ಬರೆಯಬಹುದು. ಬರೆದ ಮೇಲೆ ಅದರಲ್ಲಿ ಹೆಸರಿಸಿದವರಿಗೂ ಮನೆಯ ಡಾಕ್ಟರಿಗೂ ಒಂದೊಂದು ಪ್ರತಿ ಕೊಡಿ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರಹದಲ್ಲಿ ತಿದ್ದಬಹುದು, ಇಲ್ಲವೇ ಪೂರ್ತಿ ಹಿಂತೆಗೆದುಕೊಳ್ಳಬಹುದು.